ಕಣ್ಣಿನ ಪಕ್ಕಕ್ಕೆ ಹಾಕಿದ ಸೂಜಿ ಕಣ್ಣನ್ನೇ ಚುಚ್ಚಿದಾಗ

ಪೊರೆ ಆಪರೇಷನ್ ಮಾಡಿಸಿಕೊಂಡು ಬಂದ ಹಿರಿಯರನ್ನು ಮಾತಿಗೆಳೆದರೆ ಹೆಚ್ಚಿನವರು ಹೇಳುವುದು ಒಂದೇ: "ಆಪರೇಷನ್ ಏನೂ ಗೊತ್ತಾಗಲಿಲ್ಲಪ್ಪ. ಮೊದಲು ಒಂದು ಸೂಜಿ ಹಾಕ್ತಾರಲ್ಲ, ಆಗ ಮಾತ್ರ ಜೀವ ಹೋಗಿ ಬಂದ ಹಾಗಾಯ್ತು." ನನ್ನ ದೊಡ್ಡಮ್ಮನೂ ಹಾಗೇ ಹೇಳಿದ್ದರು. ಅದರ ಬೆನ್ನಿಗೆ ಇನ್ನೊಂದು ಮಾತು ಸೇರಿಸಿದ್ದರು, ಅದನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ: "ಎಡಗಣ್ಣಿಗೆ ಹಾಕಿದಾಗ ಇಷ್ಟು ನೋವಿರಲಿಲ್ಲ." ಚಿಕ್ಕಂದಿನಿಂದ ದಪ್ಪ ಸೋಡಾ ಗ್ಲಾಸಿನ ಕನ್ನಡಕ ಹಾಕುತ್ತಿದ್ದವರು ಅವರು. ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಕಂಡದ್ದು ಬರೀ ಕಪ್ಪು ಮಸುಕು. ಒಳಗೆ ಸ್ವಲ್ಪ ರಕ್ತ ಇದೆ, ಕರಗುತ್ತದೆ ಎಂದು ಹೇಳಿ ಕಳಿಸಿದರು. ಒಂದೂವರೆ ತಿಂಗಳು ಕಾದ ಮೇಲೆ ಬೇರೆ ಊರಿನ ರೆಟಿನಾ ತಜ್ಞರಿಗೆ ತೋರಿಸಿದೆವು. ಕಣ್ಣಿನ ಹಿಂಗೋಡೆಯಲ್ಲಿ ಎರಡು ತೂತುಗಳಿವೆ, ರೆಟಿನಾ ಕಳಚಿಕೊಂಡಿದೆ ಎಂದರು ಅವರು. ಒಂದು ಸೂಜಿ ಒಳಗೆ ಹೋದ ದಾರಿ, ಇನ್ನೊಂದು ಅದೇ ಸೂಜಿ ಹೊರಗೆ ಹೋದ ದಾರಿ.

ಆಪರೇಷನ್ ಮಾಡಿದವರ ಕೈಗುಣದ ಬಗ್ಗೆ ಊರೆಲ್ಲ ಮಾತಾಯಿತು. ಪೊರೆ ತೆಗೆದ ಕೆಲಸದಲ್ಲಿ ತಪ್ಪೇ ಆಗಿರಲಿಲ್ಲ. ಪೆಟ್ಟು ಬಿದ್ದದ್ದು ಅದಕ್ಕೂ ಹತ್ತು ನಿಮಿಷ ಮೊದಲು, ಅರಿವಳಿಕೆಯ ಸೂಜಿಯಿಂದ. ಇಂಥ ಪೆಟ್ಟಿನ ಬಗ್ಗೆ ವೈದ್ಯರ ಪತ್ರಿಕೆಗಳಲ್ಲಿ ಹಲವು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಕನ್ನಡದಲ್ಲಿ ಓದುವ ರೋಗಿಗಾಗಲಿ ಅವರ ಮನೆಯವರಿಗಾಗಲಿ ಅದರ ಸುದ್ದಿ ಮುಟ್ಟಿದ್ದು ಕಡಿಮೆ. ಎಷ್ಟು ಜನರಿಗೆ ಹೀಗಾಗುತ್ತದೆ, ಯಾರಿಗೆ ಹೆಚ್ಚು, ಏಕೆ ಆಗುತ್ತದೆ, ಆ ಸೂಜಿ ಅಷ್ಟು ಅನಿವಾರ್ಯವೇ? ತಿಳಿದಿರುವುದನ್ನು ಇಲ್ಲಿ ಒಂದೆಡೆ ಇಡುತ್ತಿದ್ದೇನೆ.

ಕಣ್ಣಿಗೆ ಅರಿವಳಿಕೆ ಎಂಬುದು ಹುಟ್ಟಿದ್ದು 1884ರಲ್ಲಿ. ವಿಯೆನ್ನಾದ 26 ವರ್ಷದ ತರುಣ ವೈದ್ಯ ಕಾರ್ಲ್ ಕೊಲ್ಲರ್ ಕೊಕೇನಿನ ದ್ರಾವಣವನ್ನು ಕಣ್ಣಿಗೆ ಹನಿಸಿದರೆ ಮೇಲ್ಮೈ ಮರಗಟ್ಟುತ್ತದೆ ಎಂದು ಕಂಡುಹಿಡಿದ. ಆ ಸೆಪ್ಟೆಂಬರಿನಲ್ಲಿ ಹೈಡೆಲ್‌ಬರ್ಗಿನ ನೇತ್ರತಜ್ಞರ ಸಭೆಗೆ ಹೋಗಲು ಅವನ ಬಳಿ ದುಡ್ಡಿರಲಿಲ್ಲ. ಅವನ ಪ್ರಬಂಧವನ್ನು ಬ್ರೆಟೌವರ್ ಎಂಬ ಇನ್ನೊಬ್ಬ ವೈದ್ಯ ಓದಿದ. ಅಲ್ಲಿಯವರೆಗೆ ಎಚ್ಚರವಿರುವ ಮನುಷ್ಯನ ಕಣ್ಣನ್ನು ಹಾಗೇ ಕೊಯ್ಯುತ್ತಿದ್ದರು ಎಂಬುದನ್ನು ನೆನೆದರೆ ಆ ಹನಿಗಳ ಬೆಲೆ ತಿಳಿಯುತ್ತದೆ. ಅದೇ ವರ್ಷ ನ್ಯೂಯಾರ್ಕಿನ ಹರ್ಮನ್ ನ್ಯಾಪ್ ಕೊಕೇನನ್ನು ಸೂಜಿಯಲ್ಲಿ ತುಂಬಿ ಕಣ್ಣುಗುಡ್ಡೆಯ ಹಿಂದಕ್ಕೆ ಚುಚ್ಚಿದ. ಹನಿ ಮತ್ತು ಸೂಜಿ ಎರಡೂ ಒಂದೇ ವರ್ಷದ ಕೂಸುಗಳು. ಮುಂದಿನ ನೂರು ವರ್ಷ ಗೆದ್ದದ್ದು ಸೂಜಿ.

ಅದಕ್ಕೆ ಕಾರಣವಿತ್ತು. ಹನಿ ಹಾಕಿದರೆ ನೋವು ಹೋಗುತ್ತದೆ, ಕಣ್ಣು ಹೊರಳುವುದು ನಿಲ್ಲುವುದಿಲ್ಲ. ಕಣ್ಣುಗುಡ್ಡೆಯನ್ನು ಆಡಿಸುವ ಸ್ನಾಯುಗಳು ಹಿಂದೆ ಒಂದು ಶಂಕುವಿನ ಆಕಾರದಲ್ಲಿ ಕೂಡುತ್ತವೆ. ಆ ಶಂಕುವಿನೊಳಗೆ ಮದ್ದು ಬಿಟ್ಟರೆ ಕಣ್ಣು ಕಲ್ಲಿನ ಹಾಗೆ ನಿಲ್ಲುತ್ತದೆ. ಪೊರೆಯನ್ನು ಇಡಿಯಾಗಿ ಎತ್ತಿ ತೆಗೆಯುತ್ತಿದ್ದ, ಕಣ್ಣನ್ನು ಅರ್ಧ ಸುತ್ತು ತೆರೆಯುತ್ತಿದ್ದ ಕಾಲಕ್ಕೆ ಅಲುಗದ ಕಣ್ಣು ಬೇಕೇ ಬೇಕಿತ್ತು. 1936ರಲ್ಲಿ ಅಮೆರಿಕದ ವಾಲ್ಟರ್ ಅಟ್ಕಿನ್ಸನ್ ಈ ಸೂಜಿಗೆ ಒಂದು ಶಿಸ್ತಿನ ವಿಧಾನ ಬರೆದುಕೊಟ್ಟರು. ಕೆಳಗಿನ ರೆಪ್ಪೆಯ ಹೊರ ಮೂಲೆಯಲ್ಲಿ, ಮೂಳೆಯ ಅಂಚಿಗೆ ತಾಗಿ ಚುಚ್ಚಬೇಕು, ಚುಚ್ಚುವಾಗ ರೋಗಿ ಮೇಲಕ್ಕೆ, ಮೂಗಿನ ಕಡೆಗೆ ನೋಡುತ್ತಿರಬೇಕು. ಹಾಗೆ ನೋಡಿದರೆ ಸೂಜಿಯ ದಾರಿಯಲ್ಲಿರುವ ಸ್ನಾಯು ಪಕ್ಕಕ್ಕೆ ಸರಿಯುತ್ತದೆ ಎಂಬುದು ತರ್ಕ. ತಲೆಮಾರುಗಳ ನೇತ್ರವೈದ್ಯರು ಇದನ್ನೇ ಕಲಿತರು, ಇದನ್ನೇ ಕಲಿಸಿದರು.

ಆ ತರ್ಕದ ದೋಷ ಕಣ್ಣಿಗೆ ಕಂಡದ್ದು 1981ರಲ್ಲಿ, ಸಿಟಿ ಸ್ಕ್ಯಾನ್ ಬಂದ ಮೇಲೆ. ಉನ್ಸೋಲ್ಡ್ ಮತ್ತು ಸಂಗಡಿಗರು ಸೂಜಿಯ ದಾರಿಯನ್ನು ಸ್ಕ್ಯಾನಿನಲ್ಲಿ ಹಿಡಿದು ನೋಡಿದರು. ಕಣ್ಣಿನ ಮುಂಭಾಗ ಮೇಲಕ್ಕೂ ಒಳಕ್ಕೂ ಹೊರಳಿದರೆ ಹಿಂಭಾಗ ಕೆಳಕ್ಕೂ ಹೊರಕ್ಕೂ ಹೊರಳುತ್ತದೆ. ಹಿಂಭಾಗಕ್ಕೆ ಅಂಟಿಕೊಂಡ ದೃಷ್ಟಿನರ ಬಿಗಿಯಾಗಿ ಎಳೆಯಲ್ಪಟ್ಟು ನೇರ ಸೂಜಿಯ ದಾರಿಗೇ ಬಂದು ನಿಲ್ಲುತ್ತದೆ. ಸೂಜಿಯನ್ನು ತಪ್ಪಿಸಲೆಂದು ಹೇಳಿಕೊಟ್ಟ ನೋಟವೇ ನರವನ್ನು ಸೂಜಿಗೆ ಒಡ್ಡುತ್ತಿತ್ತು! ನಡುವೆ ಕಳೆದದ್ದು 45 ವರ್ಷ. ಈಗ ಎಲ್ಲ ಕಡೆ ಕಲಿಸುವುದು "ನೇರ ಮುಂದೆ ನೋಡಿ" ಎಂದು. ಆದರೂ "ಮೇಲೆ ನೋಡಿ, ಮೂಗಿನ ಕಡೆ ನೋಡಿ" ಎಂದು ಇಂದಿಗೂ ಯಾರಾದರೂ ಹೇಳಿದರೆ ಆ ರೂಢಿ ಎಲ್ಲಿಂದ ಬಂತು ಎಂಬುದು ಓದುಗರಿಗೆ ಗೊತ್ತಿರಲಿ.

ಸೂಜಿ ಕಣ್ಣಿಗೆ ಏಕೆ ತಗಲುತ್ತದೆ ಎಂದು ತಿಳಿಯಲು ಅಳತೆಗಳನ್ನು ನೋಡಬೇಕು. ಕಣ್ಣಿನ ಗೂಡಿನಲ್ಲಿ ಒಟ್ಟು ಸುಮಾರು 30 ಮಿಲಿಲೀಟರ್ ಜಾಗ, ಕಣ್ಣುಗುಡ್ಡೆ ತುಂಬುವುದು ಅದರ ಕಾಲುಭಾಗವನ್ನೂ ಅಲ್ಲ, ಸುಮಾರು 7 ಮಿಲಿಲೀಟರ್. ಉಳಿದದ್ದು ಕೊಬ್ಬು, ಸ್ನಾಯು, ನರ, ರಕ್ತನಾಳ. ಜಾಗ ಸಾಕಷ್ಟಿದೆ ಎನಿಸುತ್ತದೆ. ಸಾಮಾನ್ಯ ಕಣ್ಣು ಮುಂದಿನಿಂದ ಹಿಂದಕ್ಕೆ 23ರಿಂದ 24 ಮಿಲಿಮೀಟರ್ ಉದ್ದ, ಗೋಲಿಯ ಹಾಗೆ ದುಂಡು. ಕಣ್ಣುಗುಡ್ಡೆಯ ನಡುಭಾಗ ದಾಟಿದ ಮೇಲೆ ಅದರ ಮೈ ಒಳಕ್ಕೆ ತಿರುಗುವುದರಿಂದ ಸೂಜಿಗೆ ದಾರಿ ಸಿಗುತ್ತದೆ. ಸಮೀಪದೃಷ್ಟಿಯವರ ಕಣ್ಣು ಹಾಗಲ್ಲ. ಅದು ಉದ್ದ, ಕೋಳಿಮೊಟ್ಟೆಯ ಹಾಗೆ. ಕಣ್ಣು ಒಂದು ಮಿಲಿಮೀಟರ್ ಉದ್ದವಾದರೆ ಕನ್ನಡಕದ ಮೈನಸ್ ಪವರ್ ಸುಮಾರು 2.5ರಿಂದ 3 ಏರುತ್ತದೆ. ಗೋಡೆಯೂ ತೆಳುವಾಗುತ್ತದೆ. ಆರೋಗ್ಯವಂತ ಕಣ್ಣಿನಲ್ಲೇ ಬಿಳಿಗೋಡೆ ಹಿಂದೆ ಸುಮಾರು ಒಂದು ಮಿಲಿಮೀಟರ್, ಸ್ನಾಯುಗಳು ಅಂಟುವ ಜಾಗದ ಹಿಂದೆ ಅದರ ಮೂರನೇ ಒಂದು ಪಾಲು ಮಾತ್ರ ದಪ್ಪ. ಹಿಗ್ಗಿದ ಕಣ್ಣಿನಲ್ಲಿ ಅದು ಇನ್ನೂ ತೆಳು. ಕೆಲವರಲ್ಲಿ ಹಿಂಗೋಡೆ ಒಂದು ಕಡೆ ಹಳೆಯ ಸೈಕಲ್ ಟ್ಯೂಬಿನ ಹಾಗೆ ಉಬ್ಬಿಕೊಳ್ಳುತ್ತದೆ. ವೈದ್ಯರು ಅದನ್ನು ಸ್ಟೆಫಿಲೋಮಾ ಎನ್ನುತ್ತಾರೆ. ಆ ಉಬ್ಬು ಹೆಚ್ಚಾಗಿ ಬರುವುದು ಕಣ್ಣಿನ ಹಿಂಭಾಗದಲ್ಲಿ, ಅದರ ಕೆಳಪಕ್ಕದಲ್ಲಿ. ಕೆಳಗಿನ ರೆಪ್ಪೆಯಿಂದ ಹೊರಟ ಸೂಜಿ ಹೋಗುವುದೂ ಅಲ್ಲಿಗೇ.

ಇದಕ್ಕೆ ಸೂಜಿಯ ಉದ್ದವೂ ಸೇರಿಕೊಂಡಿತ್ತು. ಒಂದೂವರೆ ಅಂಗುಲದ, ಅಂದರೆ 38 ಮಿಲಿಮೀಟರಿನ ಸೂಜಿ ಬಹುಕಾಲ ವಾಡಿಕೆಯಲ್ಲಿತ್ತು. 1989ರಲ್ಲಿ ಕಾಟ್ಸೆವ್ ಮತ್ತು ಸಂಗಡಿಗರು ಕಣ್ಣಿನ ಗೂಡಿನ ಮೂಳೆಗಳನ್ನು ಅಳೆದು, ಅಷ್ಟುದ್ದದ ಸೂಜಿ ಕೆಲವರಲ್ಲಿ ಗೂಡಿನ ತುತ್ತತುದಿಯ ದೃಷ್ಟಿನರವನ್ನೇ ಮುಟ್ಟಬಲ್ಲದು, 31 ಮಿಲಿಮೀಟರಿಗಿಂತ ಆಳಕ್ಕೆ ಹೋಗಬೇಡಿ ಎಂದು ಹೇಳಿದರು. ಈಗ ತಿಳಿದವರು ಒಂದು ಅಂಗುಲದ ಸೂಜಿಯಲ್ಲೇ ಕೆಲಸ ಮುಗಿಸುತ್ತಾರೆ.

ಎಷ್ಟು ಜನರಿಗೆ ಹೀಗಾಗುತ್ತದೆ? ಡೇವಿಸ್ ಮತ್ತು ಮ್ಯಾಂಡೆಲ್ ಎಂಬಿಬ್ಬರು 1986ರಲ್ಲಿ ಸ್ನಾಯುಶಂಕುವಿನ ಒಳಗೆ ಹೋಗದೆ ಅದರ ಹೊರಗೇ ಮದ್ದು ಬಿಡುವ ವಿಧಾನವನ್ನು ಪ್ರಕಟಿಸಿದರು. ಪೆರಿಬಲ್ಬರ್ ಎಂದು ಕರೆಯುವುದು ಇದನ್ನೇ. 1994ರಲ್ಲಿ ಹಲವು ಆಸ್ಪತ್ರೆಗಳ 16,224 ಇಂಥ ಇಂಜೆಕ್ಷನ್ನುಗಳ ಲೆಕ್ಕ ಕೊಟ್ಟರು: ಕಣ್ಣು ತೂತಾದದ್ದು ಒಂದೇ ಒಂದು. ಎಡ್ಜ್ ಮತ್ತು ನ್ಯಾವನ್ 1999ರಲ್ಲಿ ಎರಡೂ ಬಗೆಯ 50,000 ಇಂಜೆಕ್ಷನ್ನುಗಳನ್ನು ಸಾಲಾಗಿ ಪರಿಶೀಲಿಸಿದಾಗ ಏಳು ಸಿಕ್ಕವು. ಈ ಸಂಖ್ಯೆಗಳನ್ನು ನೋಡಿ ಸಮಾಧಾನಪಡಬಹುದು. ಆದರೆ 1991ರಲ್ಲಿ ಡ್ಯೂಕರ್ ಮತ್ತು ಸಂಗಡಿಗರು ಬೇರೆ ಪ್ರಶ್ನೆ ಕೇಳಿದ್ದರು. ಎಲ್ಲರನ್ನೂ ಬಿಟ್ಟು, 26 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದದ ಕಣ್ಣುಗಳನ್ನು ಮಾತ್ರ ನೋಡಿದರೆ? ಉತ್ತರ 140ಕ್ಕೆ ಒಂದು. ಎಡ್ಜ್ ಮತ್ತು ನ್ಯಾವನ್ ಇದಕ್ಕೆ ಇನ್ನೊಂದು ಎಚ್ಚರ ಸೇರಿಸಿದರು: ಉದ್ದಕ್ಕಿಂತಲೂ ಹಿಂಗೋಡೆಯ ಉಬ್ಬು ಹೆಚ್ಚು ಅಪಾಯದ ಗುರುತು.

ನನಗೆ ಈ ಇಡೀ ವಿಷಯದಲ್ಲಿ ಮುಖ್ಯವೆನಿಸಿದ್ದು ಈ ಎರಡು ಲೆಕ್ಕಗಳ ನಡುವಿನ ಅಂತರ. ಸರಾಸರಿಯಲ್ಲಿ ಅಪರೂಪ ಎನಿಸುವುದು ಕೆಲವರ ಪಾಲಿಗೆ ಅಪರೂಪವಲ್ಲ, ಮತ್ತು ಆ ಕೆಲವರು ಯಾರು ಎಂಬುದು ಸೂಜಿ ಹಾಕುವ ಮೊದಲೇ ಗೊತ್ತಿರುತ್ತದೆ. ಪೊರೆ ತೆಗೆದು ಒಳಗೆ ಲೆನ್ಸ್ ಇಡಬೇಕಾದರೆ ಕಣ್ಣಿನ ಉದ್ದವನ್ನು ಅಳೆಯಲೇಬೇಕು. ಲೆನ್ಸಿನ ಪವರ್ ಲೆಕ್ಕ ಹಾಕುವುದೇ ಅದರಿಂದ. ರೋಗಿಯ ಕಾಗದದಲ್ಲಿ ಆ ಅಂಕಿ ಬರೆದಿರುತ್ತದೆ. ಎಷ್ಟೋ ಕಡೆ ಸೂಜಿ ಹಾಕುವವರು ಒಬ್ಬರು, ಲೆನ್ಸ್ ಆರಿಸುವವರು ಇನ್ನೊಬ್ಬರು. ಅಂಕಿ ಒಂದು ಕೋಣೆಯಲ್ಲಿ, ಸಿರಿಂಜ್ ಇನ್ನೊಂದು ಕೋಣೆಯಲ್ಲಿ. ಸಿರಿಂಜ್ ಹಿಡಿದವರು ಆ ಕಾಗದ ತಿರುವಿ ನೋಡಿದರೆ ಒಂದು ಕಣ್ಣು ಉಳಿಯುತ್ತದೆ.

ಅಳತೆಯೇ ಸಿಗದ ಸಂದರ್ಭಗಳೂ ಇವೆ. ಹತ್ತು ವರ್ಷದ ಹಿಂದೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡವರಿಗೆ ಈಗ ಗ್ಲಾಕೋಮಾ ಆಪರೇಷನ್ ಎಂದುಕೊಳ್ಳಿ. ಅವರ ದಪ್ಪ ಕನ್ನಡಕ ಎಂದೋ ಹೋಗಿದೆ. ನೋಡಿದವರಿಗೆ ಸಾಧಾರಣ ಕಣ್ಣು. ಲೇಸರ್ ಮಾಡಿಸಿ ಕನ್ನಡಕ ಬಿಟ್ಟ ಇಂದಿನ ತರುಣ ತರುಣಿಯರಿಗೂ ಮುಂದೊಂದು ದಿನ ಇದೇ ಮಾತು. ಲೇಸರ್ ತೆಗೆಯುವುದು ಪವರ್ ಅನ್ನು, ಕಣ್ಣಿನ ಉದ್ದವನ್ನಲ್ಲ. ರೆಟಿನಾ ಕಳಚಿದ್ದಕ್ಕೆ ಹಿಂದೆ ಕಣ್ಣಿನ ಸುತ್ತ ಸಿಲಿಕೋನ್ ಪಟ್ಟಿ ಕಟ್ಟಿಸಿಕೊಂಡವರ ಕಣ್ಣಿನ ಆಕಾರವೇ ಬದಲಾಗಿರುತ್ತದೆ. ಇವರೆಲ್ಲ ಬಾಯಿಬಿಟ್ಟು ಹೇಳದಿದ್ದರೆ ಎದುರಿನವರಿಗೆ ತಿಳಿಯುವ ದಾರಿ ಕಡಿಮೆ.

ಸೂಜಿ ಒಳಹೊಕ್ಕಾಗ ಏನಾಗುತ್ತದೆ? ಕೆಲವೊಮ್ಮೆ ರೋಗಿ ತಟ್ಟನೆ ಚೀರುತ್ತಾರೆ, ಸಾಮಾನ್ಯ ಚುಚ್ಚಿದ ನೋವಲ್ಲ ಅದು. ಕೆಲವೊಮ್ಮೆ ಏನೂ ಇಲ್ಲ. ಕಣ್ಣು ಮೆತ್ತಗಾಗಬಹುದು; ಮದ್ದು ಒಳಗೇ ಹೋಗಿದ್ದರೆ ಕಲ್ಲಿನಂತೆ ಗಟ್ಟಿಯಾಗಬಹುದು, ಮುಂದಿನ ಕಪ್ಪುಗುಡ್ಡೆ ಮಬ್ಬಾಗಬಹುದು. ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಪಾಪೆಯೊಳಗೆ ಕಾಣಬೇಕಾದ ಕೆಂಪು ಹೊಳಪು ಕಾಣದೆ ಹೋಗುತ್ತದೆ. ಅನುಭವಿಗಳಿಗೆ ಇವು ಸಾಕು. ಆದರೆ ಪೂರ್ತಿ ಬಲಿತ ಬಿಳಿ ಪೊರೆಯ ಹಿಂದೆ ಕೆಂಪು ಹೊಳಪು ಮೊದಲೂ ಇರುವುದಿಲ್ಲ, ನಮ್ಮ ಹಳ್ಳಿಗಳಿಂದ ಬರುವ ಅನೇಕರದು ಅಂಥ ಪೊರೆಯೇ. ಹೀಗಾಗಿ ಅದೇ ಹೊತ್ತಿಗೆ ಗುರುತಿಸಲಾಗದೆ, ಆಪರೇಷನ್ ಮುಗಿದು, ಪಟ್ಟಿ ಬಿಚ್ಚಿದ ದಿನ ಅಥವಾ ಅದಕ್ಕೂ ಎಷ್ಟೋ ದಿನದ ಮೇಲೆ ಬೆಳಕಿಗೆ ಬಂದ ಪ್ರಕರಣಗಳು ಬಹಳ.

ಅತಿ ಕೆಟ್ಟದ್ದೆಂದರೆ ಸೂಜಿಯ ತುದಿ ಕಣ್ಣೊಳಗಿರುವಾಗ ಮದ್ದು ನೂಕುವುದು. ಬುಲಕ್ ಮತ್ತು ಸಂಗಡಿಗರು 1999ರಲ್ಲಿ ಹೀಗೆ ಕಣ್ಣುಗುಡ್ಡೆಯೇ ಸಿಡಿದ ಪ್ರಕರಣಗಳನ್ನು ಪ್ರಯೋಗಗಳ ಸಮೇತ ವಿವರಿಸಿದರು. ಅವರ ಸಲಹೆಗಳು ಸರಳ. ಚಿಕ್ಕ ಸಿರಿಂಜ್ ಅದೇ ಬೆರಳಿನ ಬಲಕ್ಕೆ ಹೆಚ್ಚು ಒತ್ತಡ ಹುಟ್ಟಿಸುವುದರಿಂದ ದೊಡ್ಡ ಸಿರಿಂಜ್ ಬಳಸಿ. ನೂಕುವಾಗ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಿ. ಕಣ್ಣನ್ನು ಒತ್ತುವ ಮೊದಲು ಒಮ್ಮೆ ನೋಡಿ. ಕೊನೆಯದು ನಮ್ಮಲ್ಲಿ ಮುಖ್ಯ. ಸೂಜಿ ಹಾಕಿದ ಮೇಲೆ ಮದ್ದು ಹರಡಲೆಂದು ಕಣ್ಣಿನ ಮೇಲೆ ಅಂಗೈಯಿಟ್ಟು ಅಥವಾ ಸೂಪರ್ ಪಿಂಕಿ ಎಂಬ ರಬ್ಬರ್ ಚೆಂಡು ಕಟ್ಟಿ ಕೆಲವು ನಿಮಿಷ ಒತ್ತುವುದು ರೂಢಿ. ತೂತಾದ ಕಣ್ಣನ್ನು ಒತ್ತಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತೂತು ಬಿದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದಲ್ಲ. ಒಳಗೆ ರಕ್ತವಿಲ್ಲದೆ ತೂತು ಕಣ್ಣಿಗೆ ಕಾಣುವಂತಿದ್ದರೆ ಸುತ್ತ ಲೇಸರ್ ಹಾಕಿ ಕಾಪಾಡಬಹುದು. ರಕ್ತ ತುಂಬಿದ್ದರೆ, ರೆಟಿನಾ ಕಳಚತೊಡಗಿದ್ದರೆ ಒಳಗಿನ ಲೋಳೆಯನ್ನು ತೆಗೆದು ಸರಿಪಡಿಸುವ ವಿಟ್ರೆಕ್ಟಮಿ ಇದೆ. ದೃಷ್ಟಿಯ ಕೇಂದ್ರಭಾಗಕ್ಕೆ ಪೆಟ್ಟಾಗದಿದ್ದರೆ, ಬೇಗ ಕೈಹಾಕಿದರೆ, ಒಳ್ಳೆಯ ನೋಟ ಉಳಿಸಿಕೊಂಡವರಿದ್ದಾರೆ. ತಡವಾದಷ್ಟೂ ಒಳಗೆ ಗಾಯದ ನಾರು ಬೆಳೆದು ರೆಟಿನಾವನ್ನು ಮುದುರಿ ಎಳೆಯುತ್ತದೆ, ಆಮೇಲೆ ಕೈ ಮಿಂಚಿರುತ್ತದೆ. ಆದ್ದರಿಂದಲೇ "ರಕ್ತ ಕರಗುತ್ತದೆ, ಕಾಯಿರಿ" ಎಂಬ ಮಾತು ನನ್ನನ್ನು ಇಂದಿಗೂ ಸುಡುತ್ತದೆ. ಸೂಜಿ ತಪ್ಪಿದ್ದನ್ನು ಕ್ಷಮಿಸಬಹುದು, ಅದು ನುರಿತವರ ಕೈಯಲ್ಲೂ ತಪ್ಪಿದೆ. ತಪ್ಪಿದೆ ಎಂದು ಅದೇ ದಿನ ಹೇಳದೆ ಇದ್ದದ್ದನ್ನು ಕ್ಷಮಿಸುವುದು ಕಷ್ಟ. ಹೇಳಿದ್ದರೆ ಒಂದೂವರೆ ತಿಂಗಳು ಉಳಿಯುತ್ತಿತ್ತು.

ಕಣ್ಣು ತೂತಾಗುವುದೊಂದೇ ಈ ಸೂಜಿಯ ಅಪಾಯವಲ್ಲ. ದೃಷ್ಟಿನರದ ಸುತ್ತಲಿನ ಹೊದಿಕೆ ಮಿದುಳಿನ ಹೊದಿಕೆಯ ಮುಂದುವರಿಕೆ. ಸೂಜಿ ಅದರೊಳಗೆ ಹೊಕ್ಕರೆ ಮದ್ದು ಮಿದುಳ ಕಾಂಡದವರೆಗೆ ಹರಿದು ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲಬಹುದು. 1987ರಲ್ಲಿ ನಿಕೋಲ್ ಮತ್ತು ಸಂಗಡಿಗರು ಸ್ನಾಯುಶಂಕುವಿನೊಳಗೆ ಮದ್ದು ಬಿಡುವ, ರೆಟ್ರೊಬಲ್ಬರ್ ಎಂದು ಕರೆಯುವ 6,000 ಇಂಜೆಕ್ಷನ್ನುಗಳಲ್ಲಿ ಹೀಗೆ ಮಿದುಳಿಗೆ ಹರಡಿದ 16 ಪ್ರಕರಣ ಕಂಡರು, ಅರ್ಧದಷ್ಟರಲ್ಲಿ ಉಸಿರೇ ನಿಂತಿತ್ತು. ಸೂಜಿ ಹಾಕದ ಇನ್ನೊಂದು ಕಣ್ಣು ಕತ್ತಲಾಗುವುದು, ತೊದಲು, ಮಂಪರು ಇದರ ಮುನ್ಸೂಚನೆಗಳು. ಪಕ್ಕದಲ್ಲಿ ಉಸಿರು ಕೊಡಬಲ್ಲವರಿದ್ದರೆ ಮದ್ದಿನ ಪ್ರಭಾವ ಇಳಿದ ಮೇಲೆ ರೋಗಿ ಚೇತರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಜೀವವೇ ಹೋಗುತ್ತದೆ. ಕಣ್ಣಿನ ಆಪರೇಷನ್ ಚಿಕ್ಕದು ಎಂದು ನಾಡಿ ಮತ್ತು ಆಮ್ಲಜನಕ ನೋಡುವ ಯಂತ್ರವನ್ನೂ ಕಟ್ಟದೆ ಸೂಜಿ ಹಾಕುವುದು ತಪ್ಪು ಎನ್ನುವುದು ಇದಕ್ಕೇ. ಕಣ್ಣಿನ ಹಿಂದೆ ರಕ್ತನಾಳ ಒಡೆದು ಗೂಡು ಬಿಗಿಯುವುದು, ಸ್ನಾಯುವಿಗೆ ಮದ್ದು ಸೇರಿ ಒಂದು ವಸ್ತು ಎರಡಾಗಿ ಕಾಣುವುದು ಇವೂ ಉಂಟು. ಮೊದಲನೆಯದರಲ್ಲಿ ರೆಪ್ಪೆಯ ಹೊರಮೂಲೆಯನ್ನು ತಕ್ಷಣ ಕತ್ತರಿಸಿ ಒತ್ತಡ ಇಳಿಸಿದರೆ ಕಣ್ಣು ಉಳಿಯುತ್ತದೆ.

ಹಾಗಾದರೆ ಸೂಜಿಯನ್ನೇ ಬಿಡಬಹುದೇ? ಬಹುಪಾಲು ಬಿಡಬಹುದು ಎಂಬುದು ಕಳೆದ ಮೂವತ್ತು ವರ್ಷಗಳ ಉತ್ತರ. ಚಿಕ್ಕ ಸೀಳಿನ ಮೂಲಕ ಯಂತ್ರದಿಂದ ಪೊರೆ ತೆಗೆಯುವ ಫೇಕೊ ಬಂದ ಮೇಲೆ ಅಲುಗದ ಕಣ್ಣು ಅಷ್ಟು ಕಡ್ಡಾಯವಲ್ಲ. 1990ರ ದಶಕದಲ್ಲಿ ಬರೀ ಹನಿ ಹಾಕಿ ಪೊರೆ ತೆಗೆಯುವುದು ಹರಡಿತು, ಕೊಲ್ಲರನ ಹನಿ ನೂರು ವರ್ಷದ ನಂತರ ಮರಳಿ ಬಂತು. ಕಣ್ಣು ಅಲುಗಬಾರದು ಎನ್ನುವಲ್ಲಿ ಮೊಂಡು ಕೊಳವೆಯ ದಾರಿಯಿದೆ. ಬಿಳಿಗುಡ್ಡೆಯ ಮೇಲೆ ಹನಿ ಹಾಕಿ, ಕತ್ತರಿಯಿಂದ ಸಣ್ಣದೊಂದು ಸೀಳು ಮಾಡಿ, ಕಣ್ಣುಗುಡ್ಡೆಗೂ ಅದನ್ನು ಸುತ್ತಿರುವ ಟೆನನ್ ಕವಚಕ್ಕೂ ನಡುವೆ ಮೊನೆಯಿಲ್ಲದ ಬಾಗಿದ ಕೊಳವೆ ತೂರಿಸಿ ಮದ್ದು ಬಿಡುವುದು. ಸ್ಟೀವನ್ಸ್ 1992ರಲ್ಲಿ ವಿವರಿಸಿದ ಈ ಸಬ್‌ಟೆನನ್ ವಿಧಾನ ಬ್ರಿಟನ್ನಿನಲ್ಲಿ ಮನೆಮಾತಾಯಿತು. ಅಲ್ಲಿನ 55,567 ಪೊರೆ ಆಪರೇಷನ್ನುಗಳ ದಾಖಲೆ 2009ರಲ್ಲಿ ಪ್ರಕಟವಾದಾಗ ಹೆಚ್ಚುಕಡಿಮೆ ಅರ್ಧದಷ್ಟು ಇದರಲ್ಲೇ ಆಗಿದ್ದವು. ಕಣ್ಣು ಕೆಂಪಾಗುವುದು, ಊದುವುದು ಮುಂತಾದ ಸಣ್ಣ ತೊಂದರೆಗಳು ಕೊಳವೆಯಲ್ಲಿ ಹೆಚ್ಚು, 2.3 ಪಟ್ಟು. ಗಂಭೀರ ತೊಂದರೆಗಳು ಮೊನಚು ಸೂಜಿಯಲ್ಲಿ ಹೆಚ್ಚು, 2.5 ಪಟ್ಟು. ನಾಲ್ಕು ದಿನ ಕೆಂಪಗಿರುವ ಕಣ್ಣಿಗೂ ಕಳೆದುಹೋದ ಕಣ್ಣಿಗೂ ನಡುವೆ ಆರಿಸುವುದು ಕಷ್ಟವಲ್ಲ. ಕೊಳವೆಯೂ ಪೂರ್ತಿ ನಿರಪಾಯಕಾರಿ ಅಲ್ಲ, ಹಿಂದೆ ಆಪರೇಷನ್ ಆಗಿ ಗೋಡೆ ತೆಳುವಾದ ಕಣ್ಣು ಅದರಲ್ಲೂ ತೂತಾದದ್ದುಂಟು. ಆದರೆ ಅದು ತೀರ ವಿರಳ.

ನಮ್ಮಲ್ಲಿ ಸೂಜಿ ಉಳಿದುಕೊಂಡದ್ದಕ್ಕೆ ನಮ್ಮದೇ ಕಾರಣಗಳಿವೆ, ಅವುಗಳನ್ನು ಹಗುರವಾಗಿ ನೋಡಬಾರದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರಂಥವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸಿದ ನಾಡು ನಮ್ಮದು. ಒಂದೇ ದಿನ ನೂರಾರು ಜನರ ಪೊರೆ ತೆಗೆಯಬೇಕಾದಾಗ ಅರ್ಧ ನಿಮಿಷದಲ್ಲಿ ಮುಗಿಯುವ, ಅಗ್ಗದ, ಕಣ್ಣನ್ನು ಪೂರ್ತಿ ನಿಲ್ಲಿಸುವ ಸೂಜಿ ವರವೇ ಆಗಿತ್ತು. ಇಂದಿಗೂ ಬಲಿತ ಗಟ್ಟಿ ಪೊರೆಗೆ ಫೇಕೊ ಯಂತ್ರವಿಲ್ಲದೆ ಕೈಯಲ್ಲೇ ಮಾಡುವ ಎಸ್‌ಐಸಿಎಸ್ ಆಪರೇಷನ್ ಲಕ್ಷಾಂತರ ಬಡವರಿಗೆ ಕಣ್ಣು ಕೊಡುತ್ತಿದೆ. ಅದಕ್ಕೆ ಹನಿ ಮಾತ್ರ ಸಾಲದು ಎನ್ನುವವರೇ ಹೆಚ್ಚು. ಭಯದಿಂದ ತಲೆ ಅಲುಗಿಸುವವರು, ಕಿವಿ ಕೇಳದವರು, ವೈದ್ಯರ ಭಾಷೆ ಬಾರದವರು ಇರುತ್ತಾರೆ. ಇವೆಲ್ಲ ನಿಜ. ಇವು ಕಣ್ಣು ಅಲುಗದಂತೆ ಮಾಡಬೇಕು ಎನ್ನುವುದಕ್ಕೆ ಕಾರಣವೇ ಹೊರತು ಮೊನಚು ಸೂಜಿಯನ್ನೇ ಹಾಕಬೇಕು ಎನ್ನುವುದಕ್ಕಲ್ಲ. ಕೊಳವೆಗೆ ಬೇಕಾದ್ದು ಒಂದು ಚಿಮುಟ, ಒಂದು ಕತ್ತರಿ, ಎರಡು ನಿಮಿಷ ಹೆಚ್ಚು ಸಮಯ. ಎಲ್ಲ ಕಣ್ಣಿಗೂ ಆಗದಿದ್ದರೆ 26 ಮಿಲಿಮೀಟರ್ ದಾಟಿದ ಕಣ್ಣಿಗಾದರೂ ಸೂಜಿ ಬೇಡ ಎಂಬ ನಿಯಮವನ್ನು ಯಾವ ಆಸ್ಪತ್ರೆಯೂ ನಾಳೆಯಿಂದಲೇ ಗೋಡೆಗೆ ಬರೆದು ಹಾಕಬಹುದು.

ಪೊರೆ ಆಪರೇಷನ್ನಿನ ಆಚೆಗೂ ಕಣ್ಣಿನ ಸುತ್ತ ಸೂಜಿಗಳಿವೆ. ರೆಪ್ಪೆಯಲ್ಲಿ ಗಟ್ಟಿಯಾಗಿ ಉಳಿಯುವ ಗಂಟಿಗೆ ಅರಿವಳಿಕೆ ಅಥವಾ ಸ್ಟೆರಾಯ್ಡ್ ಚುಚ್ಚುವಾಗ ರೋಗಿ ಬೆಚ್ಚಿ ತಲೆ ಎತ್ತಿದರೆ ಸೂಜಿ ರೆಪ್ಪೆ ದಾಟಿ ಕಣ್ಣಿಗೆ ಇಳಿಯುತ್ತದೆ. ಕಣ್ಣಿಗೆ ಒಂದು ರಕ್ಷಾಕವಚ ಇಟ್ಟುಕೊಂಡರೆ ತಪ್ಪುತ್ತದೆ. ಆಪರೇಷನ್ ಮುಗಿದ ಮೇಲೆ ಸೋಂಕು ತಡೆಯಲು ಬಿಳಿಗುಡ್ಡೆಯ ಮೇಲ್ಪದರದ ಕೆಳಗೆ ಜೆಂಟಾಮೈಸಿನ್ ಚುಚ್ಚುವುದು ಒಂದು ಕಾಲಕ್ಕೆ ಎಲ್ಲ ಕಡೆ ಇತ್ತು. ಅದು ತಪ್ಪಿ ಕಣ್ಣೊಳಗೆ ಸೇರಿದರೆ ದೃಷ್ಟಿಯ ಕೇಂದ್ರದ ರಕ್ತನಾಳಗಳು ಸತ್ತು ನೋಟ ಮರಳಿ ಬರುವುದಿಲ್ಲ. ಅಮೆರಿಕದ ರೆಟಿನಾ ತಜ್ಞರಿಂದ ಇಂಥ ಪ್ರಕರಣ ಕಲೆಹಾಕಿದ ಕ್ಯಾಂಪೊಕಿಯಾರೊ ಮತ್ತು ಕಾನ್ವೇ 1991ರಲ್ಲಿ ಆ ರೂಢಿಯನ್ನೇ ಕೈಬಿಡಿ ಎಂದು ಬರೆದರು.

ಈಗ ಬೆಳೆಯುತ್ತಿರುವ ಅಪಾಯ ಬೇರೆ ಕಡೆಯದು, ಕಣ್ಣಿನ ಆಸ್ಪತ್ರೆಯ ಹೊರಗಿನದು. ಮುಖದ ಸುಕ್ಕು ತುಂಬಲು, ಮೂಗು ಎತ್ತರಿಸಲು, ಕಣ್ಣ ಕೆಳಗಿನ ಗುಳಿ ಮುಚ್ಚಲು ಚುಚ್ಚುವ ಫಿಲ್ಲರ್. ಇಲ್ಲಿ ಸೂಜಿ ಕಣ್ಣನ್ನು ಮುಟ್ಟುವುದೇ ಇಲ್ಲ, ಆದರೂ ಕಣ್ಣು ಹೋಗುತ್ತದೆ. ಹುಬ್ಬುಗಳ ನಡುವಿನ, ಹಣೆಯ, ಮೂಗಿನ ಮೇಲಿನ ಸಣ್ಣ ಅಪಧಮನಿಗಳು ಕಣ್ಣಿನ ಅಪಧಮನಿಯ ಕವಲುಗಳು. ಸೂಜಿಯ ತುದಿ ಅಂಥದೊಂದರೊಳಗೆ ಕೂತಿರುವಾಗ ಜೋರಾಗಿ ನೂಕಿದರೆ ಫಿಲ್ಲರ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಹೋಗುತ್ತದೆ. ಕೈ ಸಡಿಲಿಸಿದ ಕೂಡಲೇ ರಕ್ತ ಅದನ್ನು ಮುಂದಕ್ಕೆ ತಳ್ಳುತ್ತದೆ, ಈ ಸಲ ರೆಟಿನಾದ ಅಪಧಮನಿಗೆ. ಕ್ಷಣಾರ್ಧದಲ್ಲಿ ಕತ್ತಲು. ಕೆನಡಾದ ಬೆಲೆಜ್ನೇ ಮತ್ತು ಸಂಗಡಿಗರು 2015ರವರೆಗೆ ಜಗತ್ತಿನ ವೈದ್ಯಸಾಹಿತ್ಯದಲ್ಲಿ ಇಂಥ 98 ಪ್ರಕರಣ ಎಣಿಸಿದರು, 2019ರಲ್ಲಿ ಇನ್ನೂ 48 ಸೇರಿಸಿದರು. ಮೊದಲ ಪಟ್ಟಿಯಲ್ಲಿ ಹುಬ್ಬುಗಳ ನಡುವೆ ಮತ್ತು ಮೂಗಿಗೆ ಚುಚ್ಚಿದವೇ ಹೆಚ್ಚು. ಅಮೆರಿಕದ ಎಫ್‌ಡಿಎ 2015ರ ಮೇ ತಿಂಗಳಲ್ಲೇ ಎಚ್ಚರಿಕೆ ಹೊರಡಿಸಿತ್ತು. ಹಯಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸಲು ಹಯಲುರಾನಿಡೇಸ್ ಇದೆ. ಕಣ್ಣಿನ ಅರಿವಳಿಕೆಯ ಮದ್ದು ಬೇಗ ಹರಡಲಿ ಎಂದು ಬೆರೆಸುವುದೂ ಅದನ್ನೇ. ಕುರುಡಾದ ಕಣ್ಣಿನ ಹಿಂದಕ್ಕೆ ಅದನ್ನು ಚುಚ್ಚಿ ನೋಡಿದವರಿದ್ದಾರೆ, ಫಲ ಖಚಿತವಿಲ್ಲ. ರೆಟಿನಾ ರಕ್ತವಿಲ್ಲದೆ ಬದುಕುವುದು ಕೆಲವೇ ಗಂಟೆ. ಈ ಇಂಜೆಕ್ಷನ್ನನ್ನು ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ, ಮುಖದ ರಕ್ತನಾಳಗಳ ನಕ್ಷೆ ತಿಳಿಯದವರ ಕೈಯಲ್ಲಿ ಹಾಕಿಸಿಕೊಳ್ಳಲೇಬೇಡಿ.

ಪೊರೆ ತೆಗೆಸಬೇಕಾದವರು ಇದನ್ನೆಲ್ಲ ಓದಿ ಹೆದರಿ ಕೂರಬಾರದು. ಪೊರೆಯಿಂದ ಕುರುಡಾಗುವವರ ಸಂಖ್ಯೆಯ ಮುಂದೆ ಸೂಜಿಯಿಂದ ಕಣ್ಣು ಕಳೆದುಕೊಂಡವರ ಸಂಖ್ಯೆ ಬಹಳ ಚಿಕ್ಕದು. ಹೋಗಿ, ಆದರೆ ಕೇಳಿ ಹೋಗಿ. ಹನಿಯೋ, ಕೊಳವೆಯೋ, ಸೂಜಿಯೋ ಎಂದು ಕೇಳಿ. ನನ್ನ ಕಣ್ಣಿನ ಉದ್ದ ಎಷ್ಟು ಬಂದಿದೆ ಎಂದು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಹಿಂದೆ ರೆಟಿನಾ ಅಥವಾ ಲೇಸರ್ ಆಪರೇಷನ್ ಆಗಿದ್ದರೆ ಸೂಜಿ ಹಾಕುವವರಿಗೇ ನೇರ ಹೇಳಿ. ಸೂಜಿ ಹಾಕುವಾಗ ಮಿಂಚು ಹೊಡೆದಂಥ ನೋವು ಬಂದರೆ, ಕಣ್ಣ ಮುಂದೆ ಕಪ್ಪು ಹಾರಾಡಿದರೆ ಸಹಿಸಿಕೊಂಡು ಸುಮ್ಮನಿರಬೇಡಿ. ಮನೆಯವರು ಪಟ್ಟಿ ಬಿಚ್ಚಿದ ದಿನ ಬೆರಳು ತೋರಿಸಿ ಕೇಳಿ. ಕಾಣದಿದ್ದರೆ, ಒಳಗೆ ರಕ್ತವಿದೆ ಎಂದರೆ, ಅಲ್ಟ್ರಾಸೌಂಡ್ ಮಾಡಿಸಿ ಅದೇ ವಾರ ರೆಟಿನಾ ತಜ್ಞರ ಹತ್ತಿರ ಕರೆದೊಯ್ಯಿರಿ.

ಇನ್ನೊಂದು ಮಾತು. ಪೊರೆ ಬಲಿಯುವಾಗ ಕನ್ನಡಕದ ಪವರ್ ತಾನಾಗಿಯೇ ಏರುಪೇರಾಗುವುದರಿಂದ ಈಗಿನ ಚೀಟಿ ನೋಡಿ ಕಣ್ಣು ಎಷ್ಟು ಉದ್ದವೆಂದು ಊಹಿಸಲಾಗದು. ಮೂವತ್ತರ ವಯಸ್ಸಿನಲ್ಲಿ ಹಾಕುತ್ತಿದ್ದ ಕನ್ನಡಕ ಅದನ್ನು ಚೆನ್ನಾಗಿ ಹೇಳುತ್ತದೆ. ನಿಮ್ಮ ಮನೆಯ ಹಿರಿಯರ ಅಂಥ ಹಳೆಯ ಕನ್ನಡಕ ಅಟ್ಟದ ಮೇಲಿದ್ದರೂ ಹುಡುಕಿ ತೆಗೆಯಿರಿ, ಆಪರೇಷನ್ನಿನ ದಿನ ಚೀಲದಲ್ಲಿಟ್ಟುಕೊಂಡು ಹೋಗಿ ವೈದ್ಯರಿಗೆ ತೋರಿಸಿ.